ಅಮಾವಾಸ್ಯೆಗೊಮ್ಮೆ ತಳ ಕಾಣುತ್ತಿದ್ದ ಕಡಾಯಿ: ಬಾಗಲಕೋಟೆಯ ಒಂದು ಮಿರ್ಚಿ ಭಜಿ ಅಂಗಡಿಯ ಪ್ರಕರಣ

ನಾನು ಆಹಾರ ರಸಾಯನಶಾಸ್ತ್ರ ಕಲಿಸುವವಳು. ಬಿಡುವಿದ್ದಾಗ ಖಾನಾವಳಿ, ಚಹಾದಂಗಡಿ, ಗಾಡಿ ಅಂಗಡಿಯವರಿಗೆ ಆಹಾರ ಸುರಕ್ಷತೆಯ ತರಬೇತಿ ಕೊಡುತ್ತೇನೆ. ಇಲ್ಲಿ ಬರೆದಿರುವುದು ಅಂಥ ಒಂದೇ ಒಂದು ಅಂಗಡಿಯಲ್ಲಿ ಸುಮಾರು ಎಂಟು ತಿಂಗಳು ನಡೆದದ್ದು. ಅಂಗಡಿಯವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳು ಮಾತ್ರ ನನ್ನ ನೋಟ್‌ಬುಕ್ಕಿನಲ್ಲಿ ಇದ್ದಂತೆಯೇ ಇವೆ. ಅವು ಒಂದು ಅಂಗಡಿಯ ಅಳತೆಗಳು, ಊರಿನ ಲೆಕ್ಕವಲ್ಲ.

ಅಂಗಡಿ ಮತ್ತು ಕಡಾಯಿ

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಭಾಗಗಳು ಮುಳುಗಿದಾಗ ನವನಗರಕ್ಕೆ ಬಂದ ಸಾವಿರಾರು ಮನೆತನಗಳಲ್ಲಿ ಇವರದೂ ಒಂದು. ಹಳೆ ಊರಿನಲ್ಲಿ ತಂದೆ ಹಾಕಿದ್ದ ಭಜಿ ಅಂಗಡಿಯನ್ನು ಮಕ್ಕಳಿಬ್ಬರು ಇಲ್ಲಿ ಮುಂದುವರಿಸಿದರು. ಅಣ್ಣ ಗಲ್ಲೆಯ ಮೇಲೆ, ತಮ್ಮ ಸಂತೆ-ಸಾಮಾನಿಗೆ, ಅಣ್ಣನ ಹೆಂಡತಿ ಒಲೆಯ ಮುಂದೆ. ಊರಿಗೆಲ್ಲ ಆಕೆ ವೈನಿ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಮುಂಜಾನೆ ಆರಕ್ಕೆ ಪೂರಿ, ಉದ್ದಿನ ವಡೆ. ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತರವರೆಗೆ ಮಿರ್ಚಿ ಭಜಿ, ಗಿರ್ಮಿಟ್. ಗಲ್ಲೆಯ ಪಕ್ಕ ಆಲೂ ಚಿಪ್ಸ್ ಪಾಕೀಟು. ದಿನಕ್ಕೆ ಎಂಟು ಕೆ.ಜಿ. ಕಡ್ಲಿಹಿಟ್ಟು ಖರ್ಚು. ಹುರಿಯುವುದೆಲ್ಲ ಒಂದೇ ಕಬ್ಬಿಣದ ಕಡಾಯಿಯಲ್ಲಿ. ಅದು ತಂದೆ ಹಳೆ ಊರಿನಲ್ಲಿ ಕೊಂಡದ್ದು. ಮನೆ ಬಿಟ್ಟು ಬರುವಾಗ ದೇವರ ಜಗಲಿಯ ಸಾಮಾನಿನ ಜೊತೆ ಅದೇ ಟ್ರ್ಯಾಕ್ಟರಿನಲ್ಲಿ ಬಂದಿತ್ತು. ಹದಿನಾಲ್ಕು ಕೆ.ಜಿ. ಎಣ್ಣೆ ಹಿಡಿಯುತ್ತದೆ.

ಆ ಕಡಾಯಿಯ ತಳ ಕಾಣುತ್ತಿದ್ದದ್ದು ಅಮಾವಾಸ್ಯೆಯ ದಿನ ಮಾತ್ರ. ಅವತ್ತು ಅಂಗಡಿ ಬಂದ್, ತೊಳೆಯುವುದು, ಪೂಜೆ. ಉಳಿದ ದಿನ ಭಜಿ ಹೀರಿದಷ್ಟು ಎಣ್ಣೆಯನ್ನು ಮೇಲೆ ಸುರಿಯುವುದು, ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಕೆ.ಜಿ. ಇದನ್ನು ತಪ್ಪು ಎಂದು ಆ ಮನೆಯಲ್ಲಿ ಯಾರೂ ಯಾವತ್ತೂ ಅಂದುಕೊಂಡಿರಲಿಲ್ಲ. ದಿನಾ ಹೊಸ ಎಣ್ಣೆ ಬೀಳುತ್ತದಲ್ಲ ಎಂಬುದು ಅವರ ಸಮಾಧಾನ. ಎಷ್ಟೋ ಅಂಗಡಿಗಳ ಸಮಾಧಾನವೂ ಅದೇ.

ನನ್ನನ್ನು ಕರೆದ ಕಾರಣ

ಫೋನ್ ಮಾಡಿದ್ದು ತಮ್ಮ. ಕಾಲೇಜು ಹುಡುಗರು ಮೊಬೈಲಿನಲ್ಲಿ ಒಂದು ವಿಡಿಯೊ ಹಿಡಿದುಕೊಂಡು ಬಂದು, ರಿಫೈಂಡ್ ಎಣ್ಣೆಯಿಂದ ಕ್ಯಾನ್ಸರ್ ಬರುತ್ತದಂತೆ, ನಿಮ್ಮದು ಯಾವ ಎಣ್ಣೆ ಎಂದು ಕೇಳಲು ಹತ್ತಿದ್ದರು. ಸಂಜೆಯ ಗಿರಾಕಿ ಕಡಿಮೆಯಾಗಿತ್ತು. ನಾನು ಹೋದಾಗ ಅಣ್ಣ ನೇರವಾಗಿ ಕೇಳಿದರು: “ಮೇಡಂರ, ಕ್ಯಾನ್ಸರ್ ಇಲ್ಲದ ಎಣ್ಣಿ ಯಾವ್ದು ಹೇಳಿಬಿಡ್ರಿ. ತುಟ್ಟಿ ಆದ್ರೂ ಅದನ್ನ ತರ್ತೀವಿ.”

ವಿಡಿಯೊದ ಮಾತು ಪೂರ್ತಿ ಸುಳ್ಳಲ್ಲ. ಎಣ್ಣೆಯನ್ನು ಶುದ್ಧೀಕರಿಸುವಾಗ ವಾಸನೆ ತೆಗೆಯಲು 200 ಡಿಗ್ರಿಗಿಂತ ಮೇಲೆ ಕಾಯಿಸುತ್ತಾರೆ. ಆ ಹಂತದಲ್ಲಿ ಗ್ಲೈಸಿಡೈಲ್ ಎಸ್ಟರ್, 3-ಎಂಸಿಪಿಡಿ ಎಸ್ಟರ್ ಎಂಬ ವಸ್ತುಗಳು ಹುಟ್ಟುತ್ತವೆ. ತಾಳೆ ಎಣ್ಣೆಯಲ್ಲಿ ಇವು ಉಳಿದವಕ್ಕಿಂತ ಹೆಚ್ಚು. ಗ್ಲೈಸಿಡೈಲ್ ಎಸ್ಟರ್ ಹೊಟ್ಟೆಯಲ್ಲಿ ಒಡೆದು ಗ್ಲೈಸಿಡಾಲ್ ಆಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗ್ಲೈಸಿಡಾಲನ್ನು 2ಎ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರುವಂಥದ್ದು ಎಂದು ಇಟ್ಟಿದೆ. 3-ಎಂಸಿಪಿಡಿ ಇರುವುದು ಅದಕ್ಕಿಂತ ಕೆಳಗಿನ 2ಬಿಯಲ್ಲಿ. 2009ರಲ್ಲಿ ಜಪಾನಿನಲ್ಲಿ ಒಂದು ಹೆಸರಾಂತ ಅಡುಗೆ ಎಣ್ಣೆ ಇದೇ ಕಾರಣಕ್ಕೆ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಯುರೋಪಿನಲ್ಲಿ 2018ರಿಂದ ಒಂದು ಕೆ.ಜಿ. ಅಡುಗೆ ಎಣ್ಣೆಯಲ್ಲಿ ಗ್ಲೈಸಿಡೈಲ್ ಎಸ್ಟರ್ 1 ಮಿಲಿಗ್ರಾಂ ದಾಟಬಾರದು.

ಈ ಗುಂಪುಗಳ ಬಗ್ಗೆ ತರಬೇತಿಯಲ್ಲಿ ಪ್ರತಿ ಸಲ ಒಂದು ಮಾತು ಹೇಳಬೇಕಾಗುತ್ತದೆ. 1, 2ಎ, 2ಬಿ ಎನ್ನುವುದು ಪುರಾವೆ ಎಷ್ಟು ಗಟ್ಟಿ ಎಂಬುದರ ಲೆಕ್ಕ. ಒಂದು ತಟ್ಟೆ ಭಜಿ ತಿಂದರೆ ಎಷ್ಟು ಅಪಾಯ ಎಂಬುದರ ಲೆಕ್ಕವಲ್ಲ. ಅಪಾಯ ಎಷ್ಟು ಸೇವಿಸುತ್ತೀರಿ, ಎಷ್ಟು ವರ್ಷ ಸೇವಿಸುತ್ತೀರಿ ಎಂಬುದರ ಮೇಲಿದೆ.

ಇಷ್ಟೆಲ್ಲ ತಿಳಿದೂ ನಾನು ಅವತ್ತು ತಪ್ಪಿದೆ. ಅಣ್ಣ ಕೇಳಿದ್ದು ಯಾವ ಎಣ್ಣೆ ಎಂದು. ನಾನು ಆ ಪ್ರಶ್ನೆಗೇ ಉತ್ತರ ಹುಡುಕಲು ಕೂತೆ. ಕಡಾಯಿಯ ಕಡೆ ನೋಡಿದ್ದು ಆಮೇಲೆ.

ಮೊದಲ ದಿನದ ಅಳತೆ

ಅಮಾವಾಸ್ಯೆಗೆ ಮೂರು ದಿನ ಇತ್ತು. ಎಣ್ಣೆ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಝಾರಿ ಎತ್ತಿದರೆ ಹನಿ ಬೇಗ ಬೀಳದೆ ನೂಲಿನಂತೆ ಎಳೆಯುತ್ತಿತ್ತು. ಕಡಾಯಿಯ ಅಂಚಿಗೆ ಡಾಂಬರಿನಂಥ ಅಂಟು. ತಳದಲ್ಲಿ ಉದುರಿದ ಹಿಟ್ಟಿನ ಕಾಳು ಕರಕಲಾಗಿ ಕೂತಿದ್ದವು. ಥರ್ಮಾಮೀಟರ್ ಇಳಿಸಿದಾಗ 212 ಡಿಗ್ರಿ.

ಟಿಪಿಸಿ ಮೀಟರ್ ಹಾಕಿದೆ. ಹುರಿದ ಎಣ್ಣೆ ಎಷ್ಟು ಒಡೆದಿದೆ ಎಂದು ತಿಳಿಯಲು ಒಟ್ಟು ಧ್ರುವೀಯ ಸಂಯುಕ್ತಗಳನ್ನು ಅಳೆಯುತ್ತಾರೆ, ಅದೇ ಟಿಪಿಸಿ. ಭಜಿಯ ನೀರು ಎಣ್ಣೆಯನ್ನು ಸೀಳುತ್ತದೆ, ಗಾಳಿ ಅದನ್ನು ಕೆಡಿಸುತ್ತದೆ, ಕಾವು ಒಡೆದ ತುಣುಕುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಹೀಗೆ ಹುಟ್ಟಿದ್ದೆಲ್ಲದರ ಒಟ್ಟು ಪ್ರಮಾಣ ಅದು. ಟಿಪಿಸಿಯೇ ಕ್ಯಾನ್ಸರ್‌ಕಾರಕ ಎಂದು ತಿಳಿಯಬಾರದು. ಜ್ವರ ನೋಡುವ ಕಡ್ಡಿಯಂತೆ ಅದೊಂದು ಸೂಚನೆ. ನಮ್ಮ ದೇಶದಲ್ಲಿ 2018ರ ಜುಲೈ 1ರಿಂದ ಟಿಪಿಸಿ ಶೇ. 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ.

ಮೀಟರ್ 34 ತೋರಿಸಿತು. ತಮ್ಮನಿಗೆ ತೋರಿಸಿ ಅರ್ಥ ಹೇಳಿದೆ. ಅವರು ಸ್ವಲ್ಪ ಹೊತ್ತು ಮೀಟರನ್ನೇ ನೋಡಿದರು. “ಹಂಗಾದ್ರ ಎಣ್ಣಿ ಛಲೋದ ತರಬೇಕು ಬಿಡ್ರಿ” ಎಂದರು. ಮಾತು ಮತ್ತೆ ಎಣ್ಣೆಯ ಜಾತಿಗೇ ಹೋಯಿತು. ನಾನೂ ತಡೆಯಲಿಲ್ಲ.

ಕುಸುಬಿ ಎಣ್ಣೆಯ ಎರಡು ವಾರ

ಅಮಾವಾಸ್ಯೆ ಕಳೆದ ಮೇಲೆ ಅಣ್ಣ ವಿಜಯಪುರ ಕಡೆಯ ಗಾಣದಿಂದ ಕುಸುಬಿ ಎಣ್ಣೆ ತರಿಸಿದರು. ನಮ್ಮ ಕಡೆ ಕುಸುಬಿ ಎಣ್ಣೆಗೆ ಇರುವ ಮರ್ಯಾದೆ ಗೊತ್ತೇ ಇದೆ. ಬಿಸಿ ರೊಟ್ಟಿ, ಹಿಂಡಿ ಪಲ್ಯಕ್ಕೆ ಹಸಿ ಎಣ್ಣೆ ಹಾಕಿಕೊಂಡು ತಿನ್ನುವವರು ನಾವು. ಅಂಗಡಿಯ ಮುಂದೆ ಬೋರ್ಡು ಬಿತ್ತು: ನಮ್ಮಲ್ಲಿ ಗಾಣದ ಎಣ್ಣೆ ಮಾತ್ರ. ನಾನು ಅದನ್ನು ಒಪ್ಪಿದ್ದೆ. ಶುದ್ಧೀಕರಣದ ಕಾವಿನಲ್ಲಿ ಹುಟ್ಟುವ ವಸ್ತುಗಳು ಗಾಣದ ಎಣ್ಣೆಯಲ್ಲಿ ಇರುವುದಿಲ್ಲ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಮೊದಲೆರಡು ದಿನ ಎಲ್ಲರಿಗೂ ಸಂತೋಷ. ಮೂರನೇ ಸಂಜೆ ಹಿಟ್ಟು ಬಿಟ್ಟ ಕೂಡಲೇ ನೊರೆ ಕಡಾಯಿಯ ಅಂಚಿನವರೆಗೆ ಉಕ್ಕಿತು. ವೈನಿ ಹಿಂದೆ ಸರಿದರು. ಹೊಗೆ ಮೊದಲಿಗಿಂತ ದಟ್ಟವಾಗಿತ್ತು. ಭಜಿ ಎಣ್ಣೆ ಕುಡಿದು ಮೆತ್ತಗಾಗುತ್ತಿತ್ತು, ಕಾಗದ ತೊಯ್ದು ಕೈಗೆ ಹತ್ತುತ್ತಿತ್ತು. ನಾಲ್ಕನೇ ರಾತ್ರಿ ಮೀಟರ್ 27.

ಕಾರಣ ಪಠ್ಯಪುಸ್ತಕದಲ್ಲೇ ಇದೆ. ನಾನೇ ಕಲಿಸುವ ಪಾಠ. ಸಾಮಾನ್ಯ ಕುಸುಬಿ ಎಣ್ಣೆಯ ಮುಕ್ಕಾಲು ಭಾಗ ಲಿನೋಲಿಕ್ ಆಮ್ಲ. ಹಸಿಯಾಗಿ ತಿನ್ನಲು ಅದು ಒಳ್ಳೆಯದು. ತಾಸುಗಟ್ಟಲೆ ಕುದಿಸಿದರೆ ಗಾಳಿಗೆ ಬೇಗ ಸೋಲುವುದೂ ಅದೇ. ಶೋಧಿಸಿದ್ದಷ್ಟೇ, ಶುದ್ಧೀಕರಿಸದ ಎಣ್ಣೆಯಾದ್ದರಿಂದ ಹೊಗೆಯೂ ಬೇಗ ಏಳುತ್ತದೆ. ತಾಳೆ ಎಣ್ಣೆ ಕಾವಿಗೆ ಗಟ್ಟಿ, ಆದರೆ ಡಬ್ಬ ಒಡೆಯುವ ಮೊದಲೇ ಅದರಲ್ಲಿ ಶುದ್ಧೀಕರಣದ ಕಲ್ಮಶವಿದೆ. ಕುಸುಬಿಗೆ ಆ ಕಲ್ಮಶವಿಲ್ಲ, ಆದರೆ ಒಲೆಯ ಮೇಲೆ ನಾಲ್ಕು ದಿನ ತಾಳುವುದಿಲ್ಲ. ಗಾಣದ ಶೇಂಗಾ ಎಣ್ಣೆಗೆ ಬೇರೆ ಎಚ್ಚರ ಬೇಕು: ಕಾಳಿಗೆ ಬೂಸ್ಟು ಹಿಡಿದಿದ್ದರೆ ಅಫ್ಲಟಾಕ್ಸಿನ್ ಎಂಬ ವಿಷ ಎಣ್ಣೆಗೂ ಇಳಿಯುತ್ತದೆ. ಅದು 1ನೇ ಗುಂಪಿನದು, ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಖಚಿತವಾದದ್ದು. ಅಣ್ಣ ಕೇಳಿದ ಪ್ರಶ್ನೆಗೆ ಉತ್ತರವಾಗಬಲ್ಲ ಡಬ್ಬ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಎರಡು ವಾರಕ್ಕೆ ಎಣ್ಣೆಯ ಖರ್ಚು ದುಪ್ಪಟ್ಟಾಯಿತು. ಬೋರ್ಡು ಹಾಕಿಯಾಗಿದೆ, ತೆಗೆದರೆ ಮಾನ ಹೋಗುತ್ತದೆ. ಅಣ್ಣ ನನ್ನ ಜೊತೆ ಮಾತು ಕಡಿಮೆ ಮಾಡಿದರು. ಅವರ ಸಿಟ್ಟು ನ್ಯಾಯವಾದದ್ದೇ. ಅವರ ರೊಕ್ಕದಲ್ಲಿ ನಾನು ಪಾಠ ಕಲಿತಿದ್ದೆ.

ವೈನಿ ಹೇಳಿದ್ದು

ಅವತ್ತು ಮಧ್ಯಾಹ್ನ ಎರಡರ ಸುಮಾರು. ಗಿರಾಕಿ ಇರಲಿಲ್ಲ. ಒಲೆ ಸಣ್ಣಗೆ ಉರಿಯುತ್ತಿತ್ತು, ಕಡಾಯಿಯಲ್ಲಿ ಎಣ್ಣೆ ಕಾಯುತ್ತಲೇ ಇತ್ತು. ವೈನಿ ಸೆರಗಿನ ತುದಿ ಮೂಗಿಗೆ ಒತ್ತಿಕೊಂಡು ಕೆಮ್ಮುತ್ತ ಮೆಣಸಿನಕಾಯಿ ಸೀಳುತ್ತಿದ್ದರು. ಕಣ್ಣು ಕೆಂಪಗಿದ್ದವು. ಎಷ್ಟು ದಿನದಿಂದ ಕೆಮ್ಮು ಎಂದೆ. “ಅದೇನ್ ಹೊಸಾದ್ರಿ ಮೇಡಂರ, ಒಲಿ ಮುಂದ ನಿಂತವ್ರಿಗೆ ಇದ್ದದ್ದ” ಎಂದರು.

ಈ ಗ್ಯಾಸ್ ಯಾಕೆ ಉರಿಯುತ್ತಿದೆ ಎಂದು ಕೇಳಿದೆ. ಯಾರಾದರೂ ಬಂದು ಬಿಸಿ ಭಜಿ ಕೇಳಿದರೆ ಹದಿನಾಲ್ಕು ಕೆ.ಜಿ. ಎಣ್ಣೆ ಕಾಯಲು ಅರ್ಧ ತಾಸು ಹಿಡಿಯುತ್ತದೆ, ಅದಕ್ಕೇ ಆರಿಸುವುದೇ ಇಲ್ಲ ಎಂದರು. ಆಮೇಲೆ ಚಾಕು ಕೆಳಗಿಟ್ಟು ಅವರು ಹೇಳಿದ ಮಾತನ್ನು ಅವತ್ತೇ ಬರೆದುಕೊಂಡೆ.

“ನೀವು ಎಣ್ಣಿ ಬದಲ್ ಮಾಡ್ಲಿಕ್ಕತ್ತೀರಿ. ನನ್ನ ಕೇಳಿದ್ರ ಕಡಾಯಿ ಬದಲ್ ಮಾಡ್ತಿದ್ದೆ. ಇಷ್ಟ್ ದೊಡ್ಡದು ಜಾತ್ರಿಗೆ ಬೇಕು. ಇಲ್ಲಿ ಮುಂಜಾನಿ ನಾಕು ಪೂರಿ ಕರದು, ಸಂಜಿತನಾ ಸುಮ್ನ ಕಾಯಿಸ್ಕೋತ ಕುಂದ್ರೂದು. ಮನ್ಯಾಗ ಯಾರಾದ್ರೂ ಹಿಂಗ ಮಾಡ್ತಾರೇನ್ರಿ?”

ನನಗೆ ಅಲ್ಲಿಯೇ ಹೊಳೆಯಿತು. ಹುರಿಯುವ ಎಣ್ಣೆಯ ಆರೋಗ್ಯ ನಿಂತಿರುವುದು ಮುಖ್ಯವಾಗಿ ಒಂದು ಲೆಕ್ಕದ ಮೇಲೆ: ಕಡಾಯಿಯಲ್ಲಿ ಇರುವ ಎಣ್ಣೆಗೆ ಹೋಲಿಸಿದರೆ ದಿನಕ್ಕೆ ಎಷ್ಟು ಹೊಸ ಎಣ್ಣೆ ಬೀಳುತ್ತದೆ. ಹದಿನಾಲ್ಕು ಕೆ.ಜಿ.ಗೆ ನಾಲ್ಕು ಕೆ.ಜಿ. ಬಿದ್ದರೆ ಹಳೆಯದೇ ಮೇಲುಗೈ. ಐದು ಕೆ.ಜಿ. ಹಿಡಿಯುವ ಕಡಾಯಿಗೆ ಅದೇ ನಾಲ್ಕು ಕೆ.ಜಿ. ಬಿದ್ದರೆ ಒಂದೇ ದಿನದಲ್ಲಿ ಹೆಚ್ಚುಕಡಿಮೆ ಪೂರ್ತಿ ಹೊಸದಾಗುತ್ತದೆ. ಮೇಲಾಗಿ ಹದಿನೈದು ತಾಸು ಕಾಯುವುದು ತಪ್ಪುತ್ತದೆ. ಕಾರ್ಖಾನೆಗಳಲ್ಲಿ ಇದನ್ನು ಲೆಕ್ಕ ಹಾಕಿಯೇ ಯಂತ್ರದ ಗಾತ್ರ ಗೊತ್ತುಮಾಡುತ್ತಾರೆ. ವೈನಿಗೆ ಅದು ಕೈಯ ಅನುಭವದಿಂದ ಗೊತ್ತಿತ್ತು. ನಾಲ್ಕು ವಾರದಲ್ಲಿ ನಾವ್ಯಾರೂ ಆಕೆಯನ್ನು ಕೇಳಿರಲಿಲ್ಲ.

ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಗಿರಾಕಿ ವಾರಕ್ಕೆ ಒಂದೆರಡು ಸಲ ಭಜಿ ತಿನ್ನುತ್ತಾನೆ. ಕಡಾಯಿಯ ಹೊಗೆಯನ್ನು ದಿನಾ ಹತ್ತು-ಹನ್ನೆರಡು ತಾಸು ಎದೆಗೆ ಎಳೆದುಕೊಳ್ಳುವವಳು ಈ ಹೆಂಗಸು. ಹೆಚ್ಚು ಕಾವಿನ ಹುರಿಯುವಿಕೆಯಿಂದ ಏಳುವ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ 2ಎ ಗುಂಪಿಗೆ ಸೇರಿಸಿದೆ. ಅದಕ್ಕೆ ಆಧಾರವಾದ ಪುರಾವೆಗಳಲ್ಲಿ ಬೀಡಿ-ಸಿಗರೇಟು ಮುಟ್ಟದ, ಅಡುಗೆಮನೆಯ ಹೊಗೆಯಲ್ಲಿ ನಿಂತ ಚೀನೀ ಹೆಂಗಸರ ಶ್ವಾಸಕೋಶದ ಕ್ಯಾನ್ಸರಿನ ಅಧ್ಯಯನಗಳಿವೆ. ಕ್ಯಾನ್ಸರ್ ಎಂಬ ಮಾತನ್ನು ಬಾಯಲ್ಲಿಟ್ಟುಕೊಂಡೇ ಆ ಅಂಗಡಿಗೆ ಹೋಗಿದ್ದೆ. ಎಲ್ಲರಿಗಿಂತ ಹತ್ತಿರ ನಿಂತಿದ್ದವಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಾಡಿದ ಬದಲಾವಣೆ

ದೊಡ್ಡ ಕಡಾಯಿ ಇಳಿಸುವ ಮಾತಿಗೆ ಅಣ್ಣ ಮೂರು ದಿನ ಒಪ್ಪಲಿಲ್ಲ. “ಅಪ್ಪಾರು ಹಿಡದ ಕಡಾಯಿ ರೀ ಅದು. ಊರು ಮುಳುಗಿತು, ಅದೊಂದ ಉಳದೈತಿ.” ಇದಕ್ಕೆ ರಸಾಯನಶಾಸ್ತ್ರದಲ್ಲಿ ಉತ್ತರವಿಲ್ಲ. ಉತ್ತರ ಕೊಟ್ಟದ್ದು ವೈನಿಯೇ. ಮಾರುವುದು ಬೇಡ, ಬನಶಂಕರಿ ಜಾತ್ರೆಗೆ ಅಂಗಡಿ ಹಾಕುವಾಗ ತೆಗೆದರಾಯಿತು, ಅಲ್ಲಿಯತನಕ ತಿಕ್ಕಿ ಎಣ್ಣೆ ಸವರಿ ಅಟ್ಟದ ಮೇಲಿಡೋಣ ಎಂದರು. ಹಾಗೇ ಆಯಿತು.

ಐದು ಕೆ.ಜಿ. ಹಿಡಿಯುವ ಸ್ಟೀಲಿನ ಕಡಾಯಿ ಬಂತು. ಎಣ್ಣೆಗೆ ರಿಫೈಂಡ್ ಶೇಂಗಾ ಆರಿಸಿದೆವು. ಅದು ಕುಸುಬಿಗಿಂತ ಕಾವಿಗೆ ಗಟ್ಟಿ, ಶುದ್ಧೀಕರಣದ ಕಲ್ಮಶ ತಾಳೆ ಎಣ್ಣೆಗಿಂತ ಕಡಿಮೆ. ನಡುವಿನ ದಾರಿ ಅಷ್ಟೇ. ಕುಸುಬಿ ಎಣ್ಣೆ ಗಿರ್ಮಿಟ್ ಒಗ್ಗರಣೆಗೆ ಉಳಿಯಿತು. ಮೊದಲು ಆ ಒಗ್ಗರಣೆಗೆ ಕಡಾಯಿಯ ಹಳೆ ಎಣ್ಣೆಯನ್ನೇ ಹಾಕುತ್ತಿದ್ದರು.

ಗ್ಯಾಸಿನ ಪಕ್ಕ ಥರ್ಮಾಮೀಟರ್ ತೂಗುಹಾಕಿದೆವು. 175 ಡಿಗ್ರಿ ದಾಟಬಾರದು. ಕಾವು ಇಳಿಸಿದ ಮೊದಲ ದಿನ ಗಿರಾಕಿಗಳು ಭಜಿ ಬಿಳಚಿಕೊಂಡಿದೆ ಎಂದರು. ನಮ್ಮ ಕಡೆ ಕಡಕ್ ಭಜಿ ಬೇಕು, ಬಣ್ಣ ಕೆಂಪು ತಿರುಗಬೇಕು. ಹಿಟ್ಟಿಗೆ ಸೋಡಾ ಪುಡಿ ಜಾಸ್ತಿ ಹಾಕಿ ಆ ಬಣ್ಣ ತರುವ ರೂಢಿ ಇತ್ತು. ಸೋಡಾ ಹೆಚ್ಚಾದರೆ ಬಣ್ಣ ಬೇಗ ಬರುತ್ತದೆ, ಆದರೆ ಎಣ್ಣೆಯ ಜೊತೆ ಸೇರಿ ಸಾಬೂನಿನಂತಾಗಿ ನೊರೆ ಎಬ್ಬಿಸುತ್ತದೆ. ವೈನಿ ಸೋಡಾ ಅರ್ಧ ಮಾಡಿ ಒಂದು ಮುಷ್ಟಿ ಅಕ್ಕಿಹಿಟ್ಟು ಸೇರಿಸಿದರು. ಬಂಗಾರದ ಬಣ್ಣದಲ್ಲೇ ಕಡಕ್ ಆಯಿತು. ವಾರದೊಳಗೆ ದೂರು ನಿಂತಿತು.

ಚಿಪ್ಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕ್ಯಾನ್ಸರಿನ ಅನುಮಾನವಿರುವ ಅಕ್ರಿಲಮೈಡ್ ಎಂಬ ರಾಸಾಯನಿಕ ಹುರಿದ ತಿಂಡಿಯಲ್ಲಿ ಇದೆ ಎಂದರೆ ಮೊದಲ ಅನುಮಾನ ಆಲೂ ಮೇಲೆ. ಅದರಲ್ಲಿರುವ ಆಸ್ಪರಜಿನ್ ಎಂಬ ಅಮೈನೋ ಆಮ್ಲ, ಗ್ಲೂಕೋಸ್-ಫ್ರಕ್ಟೋಸ್ ಸಕ್ಕರೆಗಳ ಜೊತೆ 120 ಡಿಗ್ರಿ ಮೇಲೆ ಕೂಡಿದಾಗ ಅದು ಹುಟ್ಟುತ್ತದೆ. ಇದು ಗೊತ್ತಾದ ಬಗೆಯೇ ವಿಚಿತ್ರ. 1997ರಲ್ಲಿ ಸ್ವೀಡನ್ನಿನಲ್ಲಿ ಒಂದು ರೈಲು ಸುರಂಗದ ಸೋರಿಕೆ ಮುಚ್ಚಲು ಬಳಸಿದ ರಾಸಾಯನಿಕದಿಂದ ಅಕ್ರಿಲಮೈಡ್ ನೀರಿಗೆ ಸೇರಿ ದನಗಳು ಕಾಯಿಲೆ ಬಿದ್ದವು. ಕೆಲಸಗಾರರ ರಕ್ತ ಪರೀಕ್ಷಿಸುವಾಗ ಹೋಲಿಕೆಗೆಂದು ಸುರಂಗದ ಹತ್ತಿರವೂ ಸುಳಿಯದವರ ರಕ್ತ ತೆಗೆದುಕೊಂಡರೆ ಅವರಲ್ಲೂ ಅಕ್ರಿಲಮೈಡಿನ ಗುರುತು. ಎಲ್ಲಿಂದ ಬಂತು ಎಂದು ಹುಡುಕುತ್ತ ಹೋಗಿ 2002ರಲ್ಲಿ ಹುರಿದ ಆಲೂಗಡ್ಡೆಗೆ ಬಂದು ಮುಟ್ಟಿದರು. ಪ್ರಾಣಿಗಳಲ್ಲಿ ಅದು ಕ್ಯಾನ್ಸರ್ ತರುವುದು ಸ್ಪಷ್ಟ, ಮನುಷ್ಯರ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ. ಅದೂ 2ಎ ಗುಂಪಿನಲ್ಲೇ ಇದೆ.

ಈ ಅಂಗಡಿಯಲ್ಲಿ ಆಲೂ ಚೀಲ ತಂದ ಕೂಡಲೇ ಕೊಳೆಯಬಾರದೆಂದು ಫ್ರಿಜ್ಜಿನೊಳಗೆ ತುರುಕುತ್ತಿದ್ದರು. ತಂಪಿನಲ್ಲಿ ಆಲೂ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಕೋಲ್ಡ್ ಸ್ಟೋರೇಜಿನ ಆಲೂ ಚಿಪ್ಸ್ ಬೇಗ ಕಂದುವುದು ಇದಕ್ಕೇ. ಬೆಳಗಾವಿ ಕಡೆಯ ಹೊಸ ಆಲೂ ಬರುವ ಕಾಲದಲ್ಲಷ್ಟೇ ಚಿಪ್ಸ್ ಮಾಡುವುದು, ಹೆರೆದ ಮೇಲೆ ಅರ್ಧ ತಾಸು ನೀರಿನಲ್ಲಿಟ್ಟು ನೀರು ಚೆಲ್ಲುವುದು, ಕಂದಿದ ಬಿಲ್ಲೆ ಆರಿಸಿ ತೆಗೆಯುವುದು ಎಂದು ಹೇಳಿದೆ. ಎರಡು ತಿಂಗಳು ಮಾಡಿದರು. ಆಮೇಲೆ ಕೆಲಸ ಜಾಸ್ತಿ ಎಂದು ಚಿಪ್ಸನ್ನೇ ನಿಲ್ಲಿಸಿಬಿಟ್ಟರು.

ಒಲೆಯ ಜಾಗ ಬದಲಿಸಿದ್ದು ಒಂದೇ ದಿನದ ಕೆಲಸ. ತಗಡಿನ ಮೂಲೆಯಿಂದ ಬಾಗಿಲ ಕಡೆಗೆ ಸರಿಸಿ, ಮೇಲೆ ಹೊಗೆ ಎಳೆಯುವ ಫ್ಯಾನ್ ಕೂರಿಸಿದರು. ವೈನಿಯನ್ನು ದವಾಖಾನೆಗೆ ತೋರಿಸಿದರು. ಎದೆಯ ಫೋಟೋದಲ್ಲಿ ಏನೂ ಇರಲಿಲ್ಲ. ಸಂಜೆ ಎರಡು ತಾಸು ತಮ್ಮನೇ ಝಾರಿ ಹಿಡಿಯುವುದು ಎಂದು ಗೊತ್ತಾಯಿತು. ಕೆಮ್ಮು ದೀಪಾವಳಿ ಹೊತ್ತಿಗೆ ಬಹಳ ಕಡಿಮೆಯಾಗಿತ್ತು. ಮುಂದಿನ ವರ್ಷಗಳ ಬಗ್ಗೆ ಇದರಿಂದ ಏನೂ ಹೇಳಲು ಬರುವುದಿಲ್ಲ.

ಗೋಡೆಯ ಗೆರೆ

ಮೀಟರ್ ಕೊಳ್ಳುವ ಶಕ್ತಿ ಅಂಗಡಿಗಿಲ್ಲ. ನಾನು ದಿನಾ ಬರಲಾರೆ. ಕಣ್ಣಂದಾಜು ಸಾಲದು. ಬಣ್ಣ ಮಾತ್ರ ನೋಡಿದರೆ ಮೋಸ ಹೋಗುತ್ತೇವೆ, ಮಸಾಲೆಯಿಂದಲೂ ಎಣ್ಣೆ ಕಪ್ಪಾಗುತ್ತದೆ. ಹಾಗಾಗಿ ಎರಡು ವಾರ ಮೀಟರ್ ಅಲ್ಲೇ ಬಿಟ್ಟು, ಪ್ರತಿ ಕೆ.ಜಿ. ಕಡ್ಲಿಹಿಟ್ಟಿಗೆ ಗೋಡೆಯ ಮೇಲೆ ಒಂದು ಖಡುವಿನ ಗೆರೆ ಎಳೆಯಲು ಹೇಳಿದೆ. ರಾತ್ರಿ ಗೆರೆ ಎಣಿಸಿ ಮೀಟರಿನ ಅಂಕಿಯ ಪಕ್ಕ ಬರೆಯುವುದು. ಮೊದಲ ರಾತ್ರಿ ಎಂಟು ಗೆರೆ, 11. ಎರಡನೇ ರಾತ್ರಿ ಹದಿನಾರು ಗೆರೆ, 16. ಮೂರನೇ ರಾತ್ರಿ ಇಪ್ಪತ್ನಾಲ್ಕು ಗೆರೆ, 21. ಮತ್ತೆ ಮತ್ತೆ ನೋಡಿದರೂ ಒಂದೆರಡು ಅಂಕಿ ಆಚೀಚೆ ಅಷ್ಟೇ. ಇಪ್ಪತ್ನಾಲ್ಕು ಗೆರೆಯಾದ ರಾತ್ರಿ ಕಡಾಯಿ ಖಾಲಿ ಮಾಡಬೇಕು ಎಂದು ಗೊತ್ತುಮಾಡಿದೆವು. 25ರ ಗಡಿಗೆ ಹೋಗಿ ನಿಲ್ಲುವುದು ಬೇಡ ಎಂದು ಮೊದಲೇ ನಿಲ್ಲಿಸಿದೆವು. ಈ ಗೆರೆಯ ಲೆಕ್ಕ ಆ ಕಡಾಯಿ, ಆ ಎಣ್ಣೆ, ಆ ಹಿಟ್ಟಿಗೆ ಮಾತ್ರ ಹೊಂದುತ್ತದೆ. ಬೇರೆ ಅಂಗಡಿ ಇದೇ ಸಂಖ್ಯೆಯನ್ನು ಎತ್ತಿಕೊಳ್ಳಬಾರದು, ತನ್ನದನ್ನು ತಾನೇ ಅಳೆದುಕೊಳ್ಳಬೇಕು.

ಐದು ಕೆ.ಜಿ. ಎಣ್ಣೆ ಚೆಲ್ಲಲು ಅಣ್ಣನ ಮನಸ್ಸು ಒಪ್ಪಲಿಲ್ಲ. ವೈನಿ ಅದಕ್ಕೂ ದಾರಿ ಕಂಡರು. ಮೂರನೇ ದಿನ ಸಂಜೆಯಿಂದ ಹೊಸ ಎಣ್ಣೆ ಸುರಿಯುವುದು ನಿಲ್ಲಿಸಿ, ಹಿಟ್ಟು ಚೂರು ಚೂರೇ ಬಿಟ್ಟು ಇದ್ದದ್ದರಲ್ಲೇ ಮುಗಿಸುವುದು. ಅಂಗಡಿ ಮುಚ್ಚುವಾಗ ಎರಡು-ಎರಡೂವರೆ ಕೆ.ಜಿ.ಯಷ್ಟೇ ಉಳಿಯುತ್ತಿತ್ತು.

ಬೋರ್ಡಿನ ಜಾಗಕ್ಕೆ ಒಂದು ಪಾಟಿ ಬಂತು, ಎಣ್ಣೆ ಬದಲಿಸಿದ ತಾರೀಕು ಬರೆಯಲು. “ತಾರೀಕ್ ಬರದ್ರ ಹಳೀ ಎಣ್ಣಿ ಅಂತ ನಾವೇ ಡಂಗುರ ಹೊಡದಂಗಲ್ರಿ?” ಎಂದರು ಅಣ್ಣ. ಒಂದು ವಾರ ಬರೆದು ನೋಡಿ ಎಂದೆ. ವಿಡಿಯೊ ತೋರಿಸಿದ್ದ ಹುಡುಗರೇ ಅದರ ಫೋಟೋ ತೆಗೆದುಕೊಂಡು ಹೋದರು.

ಹಳೆ ಎಣ್ಣೆ ಎಲ್ಲಿಗೆ ಹೋಗುತ್ತಿತ್ತು

ಈ ಪ್ರಕರಣದಲ್ಲಿ ನನಗೆ ಈಗಲೂ ಸಮಾಧಾನವಿಲ್ಲದ ಭಾಗ ಇದು. ಅಮಾವಾಸ್ಯೆಗೆ ತೆಗೆದ ಎಣ್ಣೆಯನ್ನು ಅರ್ಧ ಬೆಲೆಗೆ ಒಬ್ಬ ಎಗ್‌ರೈಸ್ ಗಾಡಿಯ ಹುಡುಗ ಒಯ್ಯುತ್ತಿದ್ದ. ಮೊದಲು ಇದೇ ಅಂಗಡಿಯಲ್ಲಿ ಕೆಲಸಕ್ಕಿದ್ದವನು. 34 ಅಂಕಿಯ ಎಣ್ಣೆ ಅವನ ಗಾಡಿಯಲ್ಲಿ ಮತ್ತೆ ಕಾಯುತ್ತಿತ್ತು. ನಾನು ಕೇಳುವವರೆಗೂ ಇದನ್ನು ಯಾರೂ ಹೇಳಲಿಲ್ಲ, ಮುಚ್ಚಿಡಬೇಕೆಂದಲ್ಲ, ಅದು ಅವನಿಗೆ ಮಾಡುವ ಉಪಕಾರ ಎಂದೇ ಭಾವಿಸಿದ್ದರು.

ಬಳಸಿದ ಎಣ್ಣೆಯನ್ನು ಊಟದಿಂದ ಹೊರಗೆ ತೆಗೆದು ಬಯೋಡೀಸೆಲ್ ಮಾಡುವ ರೂಕೋ ಎಂಬ ವ್ಯವಸ್ಥೆಯನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರ ಆಗಸ್ಟ್ 10ರಂದು ಶುರು ಮಾಡಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು 2019ರ ಮಾರ್ಚ್‌ನಿಂದ ಲೆಕ್ಕವಿಟ್ಟು ಪರವಾನಗಿ ಇರುವವರಿಗೇ ಕೊಡಬೇಕು. ಸಣ್ಣ ಅಂಗಡಿಗೆ ಆ ಲೆಕ್ಕದ ಪುಸ್ತಕ ಕಡ್ಡಾಯವಲ್ಲ. ವಾರಕ್ಕೆ ಐದು ಕೆ.ಜಿ. ಒಯ್ಯಲು ಯಾರೂ ಬರುವುದೂ ಇಲ್ಲ. ತಮ್ಮನೇ ಅಕ್ಕಪಕ್ಕದ ನಾಲ್ಕು ಅಂಗಡಿಯವರನ್ನು ಒಪ್ಪಿಸಿದರು. ಐದೂ ಅಂಗಡಿಯ ಎಣ್ಣೆ ಒಂದೇ ಕ್ಯಾನಿಗೆ. ಕ್ಯಾನ್ ತುಂಬಿದಾಗ ಗಾಡಿ ಬಂದು ತೂಕ ಮಾಡಿ ರೊಕ್ಕ ಕೊಟ್ಟು ಹೋಗುತ್ತದೆ.

ಆ ಹುಡುಗ ಒಂದು ಸಂಜೆ ಬಂದ. ಗಲ್ಲೆಯ ಮುಂದೆ ನಿಂತು, “ಕಾಕಾರ, ನನ್ನ ಹೊಟ್ಟಿ ಮ್ಯಾಲ್ಯಾಕ ಹೊಡೀತೀರಿ? ಹೊಸಾ ಡಬ್ಬಿ ಒಡದು ನಲವತ್ತು ರೂಪಾಯಿಗೆ ಎಗ್‌ರೈಸ್ ಕೊಡಾಕ ಆಕ್ಕೈತೇನ್ರಿ?” ಎಂದ. ಅಣ್ಣ ತಲೆ ತಗ್ಗಿಸಿದರು. ನಾನು ಟಿಪಿಸಿ, ಕಾನೂನು ಎಂದು ಏನೋ ಹೇಳಲು ಹೋದೆ. ಅವನು ಕೇಳಿಸಿಕೊಂಡ, ಸಿಟ್ಟು ಮಾಡಲಿಲ್ಲ. ವೈನಿ ಅವನಿಗೆ ಸಣ್ಣ ಕಡಾಯಿಯ ಲೆಕ್ಕ ಹೇಳಿಕೊಟ್ಟರು, ಒಂದು ಡಬ್ಬ ಹೊಸ ಎಣ್ಣೆ ಉದ್ರಿ ಕೊಡಿಸಿದರು. ಎರಡು ತಿಂಗಳು ಅವನು ಹೊಸ ಎಣ್ಣೆಯಲ್ಲೇ ನಡೆಸಿದ. ಆಮೇಲೆ ಬೇರೆ ಯಾವುದೋ ಕಡೆಯಿಂದ ಹಳೆಯದನ್ನು ತರಲು ಶುರು ಮಾಡಿದ ಎಂದು ತಮ್ಮ ಹೇಳಿದರು. ನಮ್ಮ ಅಂಗಡಿಯ ಎಣ್ಣೆ ಶುದ್ಧವಾಯಿತು. ಊರಿನ ಬಡ ಗಿರಾಕಿಯ ತಟ್ಟೆ ಆಗಲಿಲ್ಲ. ಹಳೆ ಎಣ್ಣೆಗೆ ಗಾಡಿಯವನು ಕೊಡುವ ಬೆಲೆಗಿಂತ ಬಯೋಡೀಸೆಲ್‌ನವರು ಕೊಡುವ ಬೆಲೆ ಹೆಚ್ಚಾಗುವ ತನಕ ಈ ಸೋರಿಕೆ ನಿಲ್ಲುವುದಿಲ್ಲ ಎಂದು ನನಗನ್ನಿಸುತ್ತದೆ.

ಲೆಕ್ಕ, ಮತ್ತು ಜಾತ್ರೆ

ಹಣದ ವಿಷಯ ಮುಚ್ಚಿಟ್ಟರೆ ಈ ಬರಹ ಇನ್ನೊಂದು ಅಂಗಡಿಗೆ ಉಪಯೋಗವಿಲ್ಲ. ಶೇಂಗಾ ಎಣ್ಣೆ ತುಟ್ಟಿ. ಸರಿಯಾದ ಕಾವಿನಲ್ಲಿ ಭಜಿ ಎಣ್ಣೆ ಕಡಿಮೆ ಕುಡಿಯುವುದರಿಂದ ದಿನಕ್ಕೆ ಅರ್ಧ ಕೆ.ಜಿ.ಯಷ್ಟು ಉಳಿಯಿತು. ಗ್ಯಾಸ್ ಸಿಲಿಂಡರ್ ಹೆಚ್ಚು ದಿನ ಬರತೊಡಗಿತು. ಇಷ್ಟಾದರೂ ಖರ್ಚು ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ತಟ್ಟೆಗೆ ಐದು ರೂಪಾಯಿ ಏರಿಸಿದರು. ಮೊದಲ ತಿಂಗಳು ಗಿರಾಕಿ ಗೊಣಗಿದರು, ಆಮೇಲೆ ಬಂದರು.

ಪುಷ್ಯದಲ್ಲಿ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ತೇರಿನ ಮೇಲೂ ವಾರಗಟ್ಟಲೆ ನಾಟಕ, ಅಂಗಡಿ, ಜನ. ಅಟ್ಟದ ಮೇಲಿನ ದೊಡ್ಡ ಕಡಾಯಿ ಇಳಿಯಿತು. ಅದಕ್ಕೆ ಅಲ್ಲಿ ಕೆಲಸವಿತ್ತು. ದಿನಕ್ಕೆ ನಲವತ್ತು ಕೆ.ಜಿ. ಹಿಟ್ಟು ಹೋಗುವಾಗ ಹದಿನಾಲ್ಕು ಕೆ.ಜಿ. ಎಣ್ಣೆ ದಿನದೊಳಗೇ ಹೊಸದಾಗುತ್ತದೆ. ಆದರೆ ಹಗಲು ರಾತ್ರಿ ಕಾವು, ರಸ್ತೆಯ ಧೂಳು, ಶೋಧಿಸಲು ಪುರುಸೊತ್ತಿಲ್ಲ. ದೊಡ್ಡ ಕಡಾಯಿಗೆ ಗೆರೆಯ ಲೆಕ್ಕ ನಾವು ಮಾಡಿರಲಿಲ್ಲ. ಅದಕ್ಕೇ ಮೀಟರ್ ಹಿಡಿದುಕೊಂಡು ನಾನೂ ಹೋದೆ.

ತೇರು ಎಳೆದ ಮೂರನೇ ರಾತ್ರಿ, ನಾಟಕದ ಮೊದಲ ಆಟ ಬಿಟ್ಟ ಹೊತ್ತು. ಅಂಗಡಿಯ ಮುಂದೆ ಜನ ಮೂರು ಸಾಲು ನಿಂತಿದ್ದರು. ಮೀಟರ್ 23 ತೋರಿಸಿತು. ಅಣ್ಣ ನನ್ನ ಮುಖ ನೋಡಿ, “ಇಪ್ಪತ್ತೈದು ಆಗಿಲ್ಲಲ್ರಿ. ಈ ಗದ್ದಲ ಮುಗಿಸಿ, ಮುಂಜಾನಿ ತೆಗಿಯೂಣು” ಎಂದರು. ಕಾನೂನಿನ ಪ್ರಕಾರ ಅವರ ಮಾತು ಸರಿ. ನಾನು ಸುಮ್ಮನಿದ್ದೆ.

ವೈನಿ ಝಾರಿ ಬಸಿದು ಬುಟ್ಟಿಗೆ ಹಾಕಿದರು. ಬಗ್ಗಿ ಗ್ಯಾಸ್ ಆರಿಸಿದರು. “ಅರ್ಧ ತಾಸು ನಿಂದರ್ರಿ, ಹೊಸಾ ಎಣ್ಣಿ ಇಡ್ತೀನಿ” ಎಂದು ಜನರಿಗೆ ಕೂಗಿ ಹೇಳಿದರು. ಒಂದಿಷ್ಟು ಮಂದಿ ಪಕ್ಕದ ಅಂಗಡಿಗೆ ಹೋದರು, ಉಳಿದವರು ಚುರುಮುರಿ ತಿನ್ನುತ್ತ ನಿಂತರು. ಎಣ್ಣೆ ಸ್ವಲ್ಪ ಆರಿದ ಮೇಲೆ ಅಣ್ಣ-ತಮ್ಮ ಇಬ್ಬರೂ ಹಿಡಿಕೆಗೆ ಅರಿವೆ ಸುತ್ತಿ ಕಡಾಯಿ ಎತ್ತಿ ಕ್ಯಾನಿಗೆ ಬಗ್ಗಿಸಿದರು. ಬಲ್ಬಿನ ಬೆಳಕಿನಲ್ಲಿ ತಳ ಕಂಡಿತು, ಹಿಟ್ಟಿನ ಕರಕಲು, ಅದರ ಕೆಳಗೆ ತಂದೆಯ ಕಾಲದ ಒಂದು ಬೆಸುಗೆಯ ಗುರುತು. ಅಮಾವಾಸ್ಯೆಗೆ ಇನ್ನೂ ಹನ್ನೆರಡು ದಿನ ಇತ್ತು.